ಕಡಲೆಕಾಯಿಯ ಎಲೆಚುಕ್ಕೆ ರೋಗ

ಕಡಲೆಕಾಯಿ ಗಿಡದ ಎಲೆಗಳು ಚುಕ್ಕೆಗಟ್ಟಿ ಉದುರತೊಡಗಿದಾಗ ‘ಬೆಳೆ ಬಲಿಯಿತು’ ಎಂದು ಭಾವಿಸುವ ರೈತರು ಇಂದಿಗೂ ಇದ್ದಾರೆ. ರಾಯದುರ್ಗ, ಮಡಕಶಿರಾ ಸೀಮೆಯ ಮಕ್ಕಳು ಮನೆಯಿಂದ ತರಗತಿಗೆ ತರುವ ತಿಳಿವಳಿಕೆಯೂ ಇದೇ ಆಗಿರಬಹುದು. ವಾಸ್ತವವಾಗಿ ಅದು ಬಹಳಷ್ಟು ಸಲ ಟಿಕ್ಕಾ ಎಂದೂ ಕರೆಯಲಾಗುವ ಎಲೆಚುಕ್ಕೆ ರೋಗ. ಆಹಾರ ತಯಾರಿಸುವ ಎಲೆಯೇ ಉದುರಿದ ಮೇಲೆ ಕಾಳು ತುಂಬುವುದೆಲ್ಲಿಂದ? ಕಾಯಿಯ ತೊಟ್ಟು ಬಲಗುಂದಿ, ಗಿಡ ಕಿತ್ತಾಗ ಕಾಯಿಗಳು ನೆಲದಲ್ಲೇ ಉಳಿಯುತ್ತವೆ. ದನಗಳಿಗೆ ಮೇವಾಗಬೇಕಿದ್ದ ಬಳ್ಳಿ ಬರಿಯ ಕಡ್ಡಿಯಾಗುತ್ತದೆ. ರೋಗ ತೀವ್ರವಾದ ವರ್ಷ ಇಳುವರಿ ಅರ್ಧಕ್ಕೆ ಇಳಿಯುವುದೂ ಉಂಟು.

ಈ ರೋಗಕ್ಕೆ ಕಾರಣ ಒಂದಲ್ಲ, ಎರಡು ಶಿಲೀಂಧ್ರಗಳು. ಬಿತ್ತಿದ ಸುಮಾರು ಒಂದು ತಿಂಗಳಿಗೆ ಕಾಣಿಸುವ ಮುಂಚಿನ ಚುಕ್ಕೆ ಕೆಂಗಂದು ಬಣ್ಣದ್ದು; ಅದರ ಬೀಜಕಗಳು ಹೆಚ್ಚಾಗಿ ಎಲೆಯ ಮೇಲ್ಮೈಯಲ್ಲಿ ಹುಟ್ಟುತ್ತವೆ. ಅನಂತರ ಬರುವ ತಡದ ಚುಕ್ಕೆ ಹೆಚ್ಚು ಕಪ್ಪು. ಅದರ ಬೀಜಕಗಳು ಎಲೆಯ ಅಡಿಭಾಗದಲ್ಲಿ ಉಂಗುರ ಉಂಗುರವಾಗಿ ಕೂಡುತ್ತವೆ, ಬೆರಳಿಗೆ ಒರಟಾಗಿ ತಾಕುತ್ತವೆ. ಚುಕ್ಕೆಯ ಸುತ್ತಲಿನ ಹಳದಿ ಬಳೆಯನ್ನು ಮುಂಚಿನ ಚುಕ್ಕೆಯ ಗುರುತೆಂದು ಹೇಳುವ ವಾಡಿಕೆಯಿದೆ. ಆದರೆ ಅದು ತಳಿ, ಹವೆಗಳಿಗೆ ತಕ್ಕಂತೆ ಬದಲಾಗುತ್ತದೆ. ಮಕ್ಕಳಿಗೆ ಎಲೆಯನ್ನು ಮಗುಚಿ ನೋಡುವುದನ್ನು ಕಲಿಸುವುದೇ ಮೇಲು. ಒಂದು ಭೂತಗನ್ನಡಿಯಿದ್ದರೆ ಸಾಕು.

‘ಹುಳ ತಿಂದಿದೆ’ ಎಂಬ ಉತ್ತರ ತರಗತಿಯಲ್ಲಿ ಬಂದೇ ಬರುತ್ತದೆ. ಹುಳ ತಿಂದಲ್ಲಿ ತೂತು ಬೀಳುತ್ತದೆ; ಇಲ್ಲಿ ಎಲೆಯ ಜೀವಕೋಶಗಳು ಇದ್ದಲ್ಲಿಯೇ ಸಾಯುತ್ತವೆ. ಶಿಲೀಂಧ್ರವು ಹೊಲದಲ್ಲಿ ಉಳಿದ ಹಳೆಯ ಕಸದಲ್ಲಿ, ತಾನಾಗಿ ಹುಟ್ಟಿದ ಗಿಡಗಳಲ್ಲಿ ಬದುಕಿದ್ದು, ಗಾಳಿ ಮತ್ತು ಮಳೆಹನಿಗಳೊಂದಿಗೆ ಹೊಸ ಎಲೆಗೆ ಸೇರುತ್ತದೆ. ಎಲೆ ಹೆಚ್ಚು ಹೊತ್ತು ತೇವವಾಗಿದ್ದರೆ ಮೊಳೆಯುತ್ತದೆ. ಜೋಳ, ಸಜ್ಜೆಗಳ ಮೇಲೆ ಈ ಶಿಲೀಂಧ್ರಗಳು ಬೆಳೆಯವು. ಆದ್ದರಿಂದಲೇ ಒಂದೇ ಹೊಲದಲ್ಲಿ ವರ್ಷವರ್ಷವೂ ಕಡಲೆಕಾಯಿಯನ್ನೇ ಬಿತ್ತದೆ ಬೆಳೆ ಬದಲಿಸುವುದು, ಕಸವನ್ನು ಆಳವಾಗಿ ಉತ್ತು ಹೂಳುವುದು ಮುಖ್ಯ. ಮ್ಯಾಂಕೋಜೆಬ್, ಕಾರ್ಬೆಂಡಜಿಮ್ ಮೊದಲಾದ ಔಷಧಿಗಳೂ ಬಳಕೆಯಲ್ಲಿವೆ. ಅವುಗಳ ಪ್ರಮಾಣ ಹೇಳಬೇಕಾದವರು ಕೃಷಿ ಅಧಿಕಾರಿಗಳು, ಶಿಕ್ಷಕರಲ್ಲ.

ರೋಗ ತಾಳುವ ತಳಿಗಳೂ ಇವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯು ತಡದ ಚುಕ್ಕೆಯನ್ನೂ ತುಕ್ಕು ರೋಗವನ್ನೂ ತಡೆಯುತ್ತದೆ. ಆ ಗುಣ ಅದಕ್ಕೆ ಬಂದದ್ದು ದಕ್ಷಿಣ ಅಮೆರಿಕದ ಒಂದು ಕಾಡು ಶೇಂಗಾದಿಂದ. (ಸೊಲ್ಲಾಪುರ, ಅಕ್ಕಲಕೋಟೆಯ ಶಿಕ್ಷಕರು ಪಾಠದುದ್ದಕ್ಕೂ ಶೇಂಗಾ ಎಂದೇ ಬಳಸಲಿ.)

ಬೆಳೆ ನಿಜವಾಗಿ ಬಲಿತಿದೆಯೇ ಎಂಬುದನ್ನು ಎಲೆ ಹೇಳದು. ನಾಲ್ಕಾರು ಗಿಡ ಕಿತ್ತು, ಕಾಯಿ ಒಡೆದು, ಸಿಪ್ಪೆಯ ಒಳಮೈ ಕಂದುಗಪ್ಪಾಗಿದೆಯೇ ಎಂದು ಮಕ್ಕಳೇ ನೋಡಿ ಎಣಿಸಲಿ.