ನೀರಿನಂತೆ ಬಿಯರ್, ಬಿಯರಿನಂತೆ ಊಟ: ಪಿಲ್ಸೆನ್‌ನಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ

ನಾನು ಕಲಬುರಗಿಯವನು. ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ತಯಾರಿಸೋ ಕೆಲಸ ನನ್ನದು. ಈ ಸಲ ರಜೆ ಹಾಕಿ ಯುರೋಪಿನ ನಾಲ್ಕು ಊರುಗಳನ್ನ ರೈಲಿನಲ್ಲೇ ಸುತ್ತಿ ಬಂದೆ. ರೈಲೇ ಯಾಕೆ ಅಂದ್ರೆ, ಕೆಲವೇ ಗಂಟೆ ಕೂತು ಇಳಿದ್ರೆ ಅಲ್ಲಿ ನೀರು ಬೇರೆ, ಬಿಯರ್ ಬೇರೆ, ತಟ್ಟೆಯಲ್ಲಿರೋ ಊಟಾನೂ ಬೇರೆ. ಆ ಬದಲಾವಣೆ ಕಣ್ಣಿಗೆ ಕಾಣುತ್ತೆ.

ನನಗೆ ಒಂದು ಪ್ರಶ್ನೆ ಇತ್ತು. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಹೈದರಾಬಾದಿನ ಬೋರ್ ನೀರು ಗಡಸು. ಅದಕ್ಕೇ ಆರ್.ಒ. ಯಂತ್ರದಲ್ಲಿ ಲವಣ ತೆಗೀತೀವಿ. ಹಾಗೆ ಮಾಡುವಾಗ ಒಂದಷ್ಟು ನೀರು ಹೊರಗೆ ಹೋಗುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯೋ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಹಾಗಾದ್ರೆ ಗಡಸು ನೀರಲ್ಲಿ ಒಳ್ಳೆ ಬಿಯರ್ ಆಗೋದೇ ಇಲ್ವಾ?

ಮೊದಲು ಚೆಕ್ ದೇಶದ ಪಿಲ್ಸೆನ್. 1842ರಲ್ಲಿ ಯೋಸೆಫ್ ಗ್ರೋಲ್ ಅನ್ನೋ ಬವೇರಿಯಾದ ಬ್ರೂವರ್ ಇಲ್ಲಿ ಹೊಂಬಣ್ಣದ ಲಾಗರ್ ತಯಾರಿಸಿದ. ಇವತ್ತು ಪ್ರಪಂಚದಲ್ಲಿ ಹೆಚ್ಚು ಜನ ಬಿಯರ್ ಅಂದ ಕೂಡಲೇ ನೆನೆಸ್ಕೊಳ್ಳೋದು ಅದರ ವಂಶಾನೇ. ಪಿಲ್ಸೆನ್ ನೀರು ತುಂಬಾ ಮೆದು, ಲವಣ ಕಡಿಮೆ. ಅದಕ್ಕೇ ತಿಳಿ ಮಾಲ್ಟೂ, ಝಾಟೆಟ್ಸ್ ಸೀಮೆಯ ಹಾಪ್ ಹೂವಿನ ಕಹೀನೂ ಅಲ್ಲಿ ನಯವಾಗಿ ಬರುತ್ತೆ. ಜೊತೆಗೆ ಕ್ನೆಡ್ಲಿಕಿ ಕೊಡ್ತಾರೆ, ನಮ್ಮ ಕಡುಬಿನ ದೂರದ ನೆಂಟ ಅನ್ನಬಹುದು. ಮಾಂಸದ ಗೊಜ್ಜು ಹೀರ್ಕೊಳ್ಳೋದೇ ಅದರ ಕೆಲಸ.

ಅಲ್ಲಿಂದ ಮ್ಯೂನಿಕ್‌ಗೆ ರೈಲು. ಮ್ಯೂನಿಕ್ ನೀರು ನಮ್ಮದರ ಹಾಗೇ ಗಡಸು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಸುಣ್ಣದ ಅಂಶ ಇರೋ ನೀರಿನಲ್ಲಿ ತಿಳಿ ಮಾಲ್ಟ್ ನೆನೆಸಿದ್ರೆ ಹುಳಿಯ ಹದ ತಪ್ಪುತ್ತೆ, ರುಚಿ ಒರಟಾಗುತ್ತೆ. ಕಪ್ಪಗೆ ಹುರಿದ ಮಾಲ್ಟ್‌ನಲ್ಲಿ ತನ್ನದೇ ಹುಳಿ ಇರುತ್ತೆ, ಅದು ಆ ಸುಣ್ಣವನ್ನ ಸರಿದೂಗಿಸುತ್ತೆ. ಅದಕ್ಕೇ ಮ್ಯೂನಿಕ್ ಹೆಸರು ಮಾಡಿದ್ದು ಡುಂಕೆಲ್ ಅನ್ನೋ ಕಂದು ಬಿಯರಿನಿಂದ. ಆಗ ಅವರಿಗೆ ಆರ್.ಒ. ಎಲ್ಲಿತ್ತು? ನೀರು ಒಪ್ಪಿದ್ದನ್ನ ಅವರು ಮಾಡಿದ್ರು, ಅಷ್ಟೆ.

ಉತ್ತರಕ್ಕೆ ಹೋದ್ರೆ ಬಾಂಬರ್ಗ್. ಅಲ್ಲಿ ಬೀಚ್ ಮರದ ಕಟ್ಟಿಗೆ ಹೊಗೆಯಲ್ಲಿ ಮಾಲ್ಟ್ ಒಣಗಿಸ್ತಾರೆ. ಹಿಂದೆ ಎಷ್ಟೋ ಊರುಗಳಲ್ಲಿ ಬೆಂಕಿ ಮೇಲೇ ಒಣಗಿಸ್ತಿದ್ರು. ಹೊಗೆ ತಾಕದ ಒಲೆ ಬಂದ ಮೇಲೆ ಬಹಳ ಊರುಗಳು ಅದನ್ನ ಬಿಟ್ಟವು, ಶ್ಲೆಂಕೆರ್ಲಾದಂಥ ಹಳೇ ಬ್ರೂವರಿ ಬಿಡಲಿಲ್ಲ. ಮಾಂಸ ತುಂಬಿದ ಈರುಳ್ಳಿಗೆ ಅದೇ ಬಿಯರಿನ ಸಾರು ಹಾಕಿ ಕೊಡ್ತಾರೆ. ಇದ್ದಿಲ ಮೇಲೆ ಸುಟ್ಟ ಕಬಾಬ್ ತಿನ್ನೋ ಹೈದರಾಬಾದಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕೊಲೋನ್‌ನಲ್ಲಿ ರೈಲು ಬದಲಾಯಿಸಿದ್ರೆ ಎರಡು ಗಂಟೆಯೊಳಗೆ ಬ್ರಸೆಲ್ಸ್. ಮಿಡಿ ಸ್ಟೇಷನ್ನಿಂದ ನಡೆದು ಹೋಗೋ ದೂರದಲ್ಲೇ ಕಾಂತಿಯೋಂ ಇದೆ, 1900ರಲ್ಲಿ ಶುರುವಾದ ಬ್ರೂವರಿ. ಇಲ್ಲಿನ ಲಾಂಬಿಕ್‌ಗೆ ಈಸ್ಟ್ ಹಾಕೋದೇ ಇಲ್ಲ. ಚಳಿಗಾಲದ ರಾತ್ರಿ ಬಿಸಿ ರಸವನ್ನ ಅಗಲವಾದ ತೆರೆದ ತೊಟ್ಟಿಯಲ್ಲಿ ಆರೋಕೆ ಬಿಡ್ತಾರೆ. ಗಾಳಿಯಲ್ಲಿರೋ, ಮರದ ಪೀಪಾಯಿಯಲ್ಲಿರೋ ಜೀವಾಣುಗಳೇ ಹುಳಿ ಹಿಡಿಸ್ತವೆ. ಒಂದು, ಎರಡು, ಮೂರು ವರ್ಷದ ಲಾಂಬಿಕ್ ಬೆರೆಸಿದ್ರೆ ಅದು ಗ್ಯೂಜ್.

ವಿಚಿತ್ರ ಅನಿಸ್ತಾ? ನಮ್ಮ ದೋಸೆ ಹಿಟ್ಟಿಗೂ ಯಾರೂ ಈಸ್ಟ್ ಹಾಕಲ್ಲ. ತೆಲಂಗಾಣದಲ್ಲಿ ಈಚಲ ಮರದಿಂದ ಇಳಿಸೋ ಸೇಂದಿನೂ ಹಾಗೇ, ಮಡಕೆಯಲ್ಲೇ ಹುಳಿಯಾಗುತ್ತೆ. ನಮ್ಮ ಸೆಕೆಗೆ ಅದನ್ನ ಅದೇ ದಿನ ಕುಡೀಬೇಕು, ಅವರ ಚಳಿಗೆ ಮೂರು ವರ್ಷ ಇಡಬಹುದು. ವಿದ್ಯೆ ಒಂದೇ, ಹವೆ ಬೇರೆ.

ಒಟ್ಟು ನಾನು ಕಲಿತಿದ್ದು ಇಷ್ಟು: ಆ ನಾಲ್ಕೂ ಊರು ತಮ್ಮಲ್ಲಿ ಇದ್ದಿದ್ದರಿಂದಲೇ ಬಿಯರ್ ಮಾಡಿದವು. ಪಿಲ್ಸ್ನರ್‌ಗೆ ಆರ್.ಒ. ಬೇಕೇ ಬೇಕು, ಅದನ್ನ ಬಿಡಲ್ಲ. ಅದರ ಪಕ್ಕದಲ್ಲೇ ಒಂದು ಟ್ಯಾಂಕ್ ಕಂದು ಬಿಯರ್‌ಗೆ ಇಡ್ತೀನಿ. ಅದಕ್ಕೆ ಹೆಚ್ಚು ಪಾಲು ಪರೀಕ್ಷಿಸಿ ಸೋಸಿದ ಬೋರ್ ನೀರು, ಹುರಿದ ಮಾಲ್ಟ್, ಸ್ವಲ್ಪ ನಮ್ಮ ಬಿಳಿಜೋಳ. ಖಾರದ ಊಟಕ್ಕೂ ಅದೇ ಸರಿ, ಯಾಕಂದ್ರೆ ಹಾಪ್ ಕಹಿ ಖಾರವನ್ನ ಹೆಚ್ಚು ಮಾಡುತ್ತೆ, ಮಾಲ್ಟ್ ಸಿಹಿ ತಣಿಸುತ್ತೆ. ಮೊದಲ ಲೋಟ ಮೆಣಸಿನಕಾಯಿ ಬಜ್ಜಿ ಜೊತೆ. ಅದು ಹೇಗಾಯ್ತು ಅಂತ ಮುಂದಿನ ಮಾತಲ್ಲಿ ಹೇಳ್ತೀನಿ.