ಐದು ಡಾಲರ್‌ನ ಸೊಳ್ಳೆಪರದೆ ಏನು ಮಾಡಿತು?

ಐಡಿಯಾ ಕೇಳಿದರೆ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಥರಾನೇ ಇದೆ. ಮಕ್ಕಳು ಆಡೋ ತಿರುಗುಚಕ್ರವನ್ನು ಬೋರ್‌ವೆಲ್ ಪಂಪಿಗೆ ಜೋಡಿಸೋದು. ಅವರು ಗಿರಗಿರ ತಿರುಗಿಸಿದಷ್ಟೂ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ದಕ್ಷಿಣ ಆಫ್ರಿಕಾದ ಈ 'ಪ್ಲೇಪಂಪ್'ಗೆ 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಆಮೇಲೆ 'ಗಾರ್ಡಿಯನ್' ಪತ್ರಿಕೆ ಲೆಕ್ಕ ಹಾಕಿತು: ಹೇಳಿಕೊಂಡಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು! ಎಷ್ಟೋ ಕಡೆ ಕೊನೆಗೆ ಚಕ್ರ ತಳ್ಳಿದ್ದು ಊರಿನ ಹೆಂಗಸರು. ಮಾಮೂಲಿ ಕೈಪಂಪೇ ವಾಸಿಯಿತ್ತು.

ವಿಲಿಯಂ ಮ್ಯಾಕ್‌ಆಸ್ಕಿಲ್ 2015ರ ತಮ್ಮ ಪುಸ್ತಕವನ್ನು ಶುರು ಮಾಡೋದೇ ಈ ಕಥೆಯಿಂದ. ಅವರೂ ಟೋಬಿ ಆರ್ಡ್ ಅವರೂ ಸೇರಿ 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ 'ಗಿವಿಂಗ್ ವಾಟ್ ವಿ ಕ್ಯಾನ್' ಕಟ್ಟಿದರು. ಜೀವನಪೂರ್ತಿ ಆದಾಯದ 10% ಕೊಡ್ತೀವಿ ಅಂತ ಅಲ್ಲಿ ಮಾತು ಕೊಟ್ಟವರು ಈಗ ಸುಮಾರು 10,000 ಜನ. ಇದಕ್ಕೂ ಮುಂಚೆ, 2007ರಲ್ಲಿ, ಅಮೆರಿಕದ ಹೆಡ್ಜ್ ಫಂಡ್ ಒಂದರಲ್ಲಿದ್ದ ಇಬ್ಬರು ಯುವಕರು 'ಗಿವ್‌ವೆಲ್' ಶುರು ಮಾಡಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಕೊಟ್ಟ ದುಡ್ಡಿಂದ ಏನು ಬದಲಾಯಿತು? ಇದೆಲ್ಲ ಸೇರಿ 'ಎಫೆಕ್ಟಿವ್ ಆಲ್ಟ್ರೂಯಿಸಂ' ಎಂಬ ಚಳವಳಿಯಾಯಿತು. ನಮ್ಮಲ್ಲಿ ಪಾತ್ರ-ಅಪಾತ್ರ ನೋಡಿ ದಾನ ಮಾಡು ಅಂತಾರೆ. ಇವರು ಅಳೆಯೋದು ಪಡೆಯುವವರನ್ನಲ್ಲ, ದುಡ್ಡು ಮಾಡಿದ ಕೆಲಸವನ್ನು.

ಹಾಗೆ ಅಳೆದಾಗ ಪಟ್ಟಿಯ ಮೇಲಕ್ಕೆ ಬಂದದ್ದು ಏನೂ ಥ್ರಿಲ್ ಇಲ್ಲದ ಒಂದು ವಸ್ತು: ಸೊಳ್ಳೆಪರದೆ. ಮಲೇರಿಯಾ ಈಗಲೂ ವರ್ಷಕ್ಕೆ ಸುಮಾರು 6 ಲಕ್ಷ ಜನರನ್ನು ಕೊಲ್ಲುತ್ತದೆ. ಹೆಚ್ಚಿನವರು ಆಫ್ರಿಕಾದ, ಐದು ವರ್ಷವೂ ತುಂಬದ ಮಕ್ಕಳು. ಈ ಪರದೆಯ ನೂಲಿನಲ್ಲೇ ಕೀಟನಾಶಕ ಇರುತ್ತದೆ. ಕೂತ ಸೊಳ್ಳೆ ಸಾಯುತ್ತದೆ, ಹಾಗಾಗಿ ಪರದೆ ಇಲ್ಲದ ಪಕ್ಕದ ಮನೆಗೂ ಅಷ್ಟಿಷ್ಟು ರಕ್ಷಣೆ. ಬೆಲೆ ಹಂಚಿಕೆ ಸೇರಿ ಸುಮಾರು 5 ಡಾಲರ್. ಎಲ್ಲ ಲೆಕ್ಕ ಹಾಕಿದರೆ ಒಂದು ಜೀವ ಉಳಿಸಲು ಸರಿಸುಮಾರು 5,000 ಡಾಲರ್ ಬೇಕು ಅನ್ನೋದು ಗಿವ್‌ವೆಲ್ ಅಂದಾಜು.

ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ, ಮೀನು ಹಿಡಿಯೋಕೆ ಬಳಸ್ತಾರೆ ಅಂತ ವಾದ ಬರುತ್ತಲ್ಲ? ಅದನ್ನೂ ಪರೀಕ್ಷಿಸಿದ್ದಾರೆ. ಕೀನ್ಯಾದಲ್ಲಿ ಜೆಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ಡುಪಾ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗರ್ಭಿಣಿಯರಿಗೆ ಪರದೆಯನ್ನು ಪುಕ್ಕಟೆ ಕೊಡುವ ಬದಲು 60 ಸೆಂಟ್ ಬೆಲೆ ಇಟ್ಟಾಗ ಪಡೆಯುವವರ ಪ್ರಮಾಣ 60 ಪರ್ಸೆಂಟೇಜ್ ಪಾಯಿಂಟ್ ಕುಸಿಯಿತು. ದುಡ್ಡು ಕೊಟ್ಟವರೇನೂ ಹೆಚ್ಚು ಬಳಸಲಿಲ್ಲ. ಗಿವ್‌ವೆಲ್ ಬಹುಕಾಲದಿಂದ ಶಿಫಾರಸು ಮಾಡುತ್ತಿರುವ 'ಅಗೇನ್‌ಸ್ಟ್ ಮಲೇರಿಯಾ ಫೌಂಡೇಶನ್' ಪುಕ್ಕಟೆಯೇ ಹಂಚುತ್ತದೆ. ತಿಂಗಳುಗಳ ಬಳಿಕ ಆಯ್ದ ಮನೆಗಳಲ್ಲಿ ಪರದೆ ಕಟ್ಟಿದ್ದಾರಾ ಅಂತ ನೋಡಿಸುತ್ತದೆ. ಇದುವರೆಗೆ ಅದು 25 ಕೋಟಿಗೂ ಹೆಚ್ಚು ಪರದೆಗೆ ಹಣ ಒದಗಿಸಿದೆ.

ಮಲೇರಿಯಾ ಇಳಿದದ್ದಕ್ಕೆಲ್ಲ ಇವರೇ ಕಾರಣ ಅಂದರೆ ತಪ್ಪು. 'ಗ್ಲೋಬಲ್ ಫಂಡ್' ಥರದ ದೊಡ್ಡ ನಿಧಿಗಳ ಪಾಲು ಬಹಳ ಹೆಚ್ಚು. ಚಳವಳಿಗೆ ಕಪ್ಪು ಚುಕ್ಕೆಯೂ ಇದೆ: ಅದರ ದೊಡ್ಡ ದಾನಿಯಾಗಿದ್ದ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಕ್ರಿಪ್ಟೊ ವಂಚನೆಗಾಗಿ 2024ರಲ್ಲಿ 25 ವರ್ಷದ ಶಿಕ್ಷೆ ಪಡೆದ. ಅಳತೆಗೆ ಸಿಗದ ಒಳ್ಳೆ ಕೆಲಸ ಪಟ್ಟಿಯಿಂದ ಹೊರಗುಳಿಯುತ್ತೆ ಅನ್ನೋ ಟೀಕೆಯೂ ನಮಗೆ ಸರಿಯೆನಿಸುತ್ತದೆ.

ಈ ನಡುವೆ ಸೊಳ್ಳೆಗಳು ಹಳೆಯ ಔಷಧಿಗೆ ಒಗ್ಗಿಕೊಂಡಿವೆ. ಎರಡು ಔಷಧಿಯ ಹೊಸ ಪರದೆ ಬಂದಿದೆ, ಬೆಲೆ ತುಸು ಜಾಸ್ತಿ. 2022ರಲ್ಲಿ ಪ್ರಕಟವಾದ ತಾಂಜಾನಿಯಾದ ಪ್ರಯೋಗದಲ್ಲಿ, ಕ್ಲೋರ್‌ಫೆನಪೈರ್ ಸೇರಿಸಿದ ಪರದೆ ಬಳಸಿದ ಊರುಗಳ ಮಕ್ಕಳಲ್ಲಿ ಎರಡು ವರ್ಷಕ್ಕೆ ಮಲೇರಿಯಾ 44% ಕಡಿಮೆ ಕಂಡಿತು. ಈಗ ಫೌಂಡೇಶನ್ ಅಂಥ ಪರದೆಗಳನ್ನೂ ಕೊಳ್ಳುತ್ತಿದೆ.