ಶುಶ್ರೂಷಕ ಸೈನಿಕನ ಬಿನ್ನಹ

ಯುದ್ಧವೆಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಬಂದೂಕು ಹಿಡಿದ ಯೋಧನ ಚಿತ್ರ. ಆದರೆ ರಣಭೂಮಿಯಲ್ಲಿ ಇನ್ನೊಬ್ಬನೂ ಇರುತ್ತಾನೆ. ಹೆಗಲಿಗೊಂದು ಔಷಧಿಯ ಚೀಲವನ್ನು ಹಾಕಿಕೊಂಡು, ಎಲ್ಲರೂ ತಲೆ ತಗ್ಗಿಸಿ ಅಡಗಿರುವಾಗ ಬಿದ್ದವನ ಕೂಗು ಕೇಳಿದ ಕಡೆಗೆ ಓಡುವುದು ಅವನ ಕೆಲಸ. ಗಾಯಕ್ಕೆ ಪಟ್ಟಿ ಕಟ್ಟಿ, ಹರಿಯುವ ರಕ್ತವನ್ನು ನಿಲ್ಲಿಸಿ, ಜೀವವಿದ್ದವನನ್ನು ಹೊತ್ತು ತರುವವನು ಅವನು. ಇಂಥವನ ಸೇವೆಯನ್ನು ಸರ್ಕಾರ ಹೇಗೆ ಗುರುತಿಸುತ್ತದೆ? ಗುರುತಿಸದೆ ಹೋದರೆ ಅವನು ಯಾರನ್ನು ಕೇಳಬೇಕು? ಈ ಸಣ್ಣ ಲೇಖನದಲ್ಲಿ ವಿಚಾರ ಮಾಡಹೊರಟಿರುವುದು ಇಷ್ಟನ್ನೇ.

ಈ ವಿಷಯ ನನ್ನ ಮನಸ್ಸಿಗೆ ಬಂದ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕಲು ಕಲಿತ ಮೊದಲಿಗಳು ನಾನು. ಹೀಗಾಗಿ ಬೀದಿಯವರೆಲ್ಲರ ಅರ್ಜಿಗಳನ್ನು ಬರೆಯುವ ಕೆಲಸ ಹತ್ತನೆಯ ತರಗತಿಯಿಂದಲೂ ನನ್ನ ಪಾಲಿಗೆ ಬಂದಿದೆ. ಕಳೆದ ಬೇಸಿಗೆಯಲ್ಲಿ ನಿವೃತ್ತ ಸೈನಿಕರೊಬ್ಬರು ತಮ್ಮ ಡಿಸ್ಚಾರ್ಜ್ ಪುಸ್ತಕವನ್ನು ಹಿಡಿದು ಬಂದರು. ಅವರು ಸೇನೆಯಲ್ಲಿ ಗಾಯಾಳುಗಳನ್ನು ಹೊತ್ತವರು. ತಮಗೆ ಸಲ್ಲಬೇಕಾದ ಪದಕವೊಂದು ಪುಸ್ತಕದಲ್ಲಿ ನಮೂದಾಗಿಲ್ಲವೆಂದೂ, ಅದಕ್ಕಾಗಿ ಅರ್ಜಿ ಬರೆದುಕೊಡಬೇಕೆಂದೂ ಕೇಳಿದರು. "ಈಗ ಅದರಿಂದ ಏನು ಬರುತ್ತೆ ತಾತ?" ಎಂದು ನಾನು ಬುದ್ಧಿಯಿಲ್ಲದೆ ಕೇಳಿಬಿಟ್ಟೆ. "ದುಡ್ಡಿಗೋಸ್ಕರ ಅಲ್ಲ ಮಗಾ. ನಾನು ಅಲ್ಲಿದ್ದೆ ಅಂತ ಎಲ್ಲಾದರೂ ಬರೆದಿರಬೇಕಲ್ವಾ?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಇಂಥ ಬಿನ್ನಹಗಳ ಬಗ್ಗೆ ಓದತೊಡಗಿದೆ. ಓದಿದವುಗಳಲ್ಲಿ ಅಮೆರಿಕದ ಚರಿತ್ರೆಯೇ ಹೆಚ್ಚು ಬೋಧಪ್ರದವಾಗಿ ತೋರಿತು.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಸೇನೆಯು ಶತ್ರುವನ್ನು ಎದುರಿಸಿ ಹೋರಾಡಿದ ಪದಾತಿಗಳಿಗಾಗಿ ಒಂದು ಲಾಂಛನವನ್ನು ಏರ್ಪಡಿಸಿತು. ಮರುವರ್ಷ ಅದನ್ನು ಪಡೆದವರಿಗೆ ತಿಂಗಳಿಗೆ 10 ಡಾಲರುಗಳ ಹೆಚ್ಚಿನ ವೇತನವೂ ಮಂಜೂರಾಯಿತು. ಆದರೆ ಅದೇ ತುಕಡಿಯಲ್ಲಿ, ಅದೇ ಕಂದಕದಲ್ಲಿ, ಅದೇ ಗುಂಡಿನ ಮಳೆಯಲ್ಲಿದ್ದ ಶುಶ್ರೂಷಕನಿಗೆ ಲಾಂಛನವೂ ಇಲ್ಲ, ಆ ಹತ್ತು ಡಾಲರೂ ಇಲ್ಲ. ಕಾರಣವೇನೆಂದರೆ, ಜಿನೀವಾ ಒಪ್ಪಂದದ ಪ್ರಕಾರ ಅವನು ಯುದ್ಧ ಮಾಡುವವನಲ್ಲ. ತೋಳಿಗೆ ಕೆಂಪು ಶಿಲುಬೆಯ ಪಟ್ಟಿಯನ್ನು ಕಟ್ಟಿಕೊಂಡು ಯೂರೋಪಿನ ರಣರಂಗದಲ್ಲಿ ಅವನು ಸಾಮಾನ್ಯವಾಗಿ ನಿರಾಯುಧನಾಗಿಯೇ ಓಡಾಡುತ್ತಿದ್ದನು. ಅವನನ್ನು ಕಾಪಾಡಬೇಕಾಗಿದ್ದ ನಿಯಮವೇ ಅವನ ಗೌರವಕ್ಕೆ ಅಡ್ಡವಾಯಿತು. ಈ ಅನ್ಯಾಯ ಪದಾತಿಗಳಿಗೂ ಹಿಡಿಸಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ತಮ್ಮ ಪ್ರಾಣವನ್ನು ಉಳಿಸಿದವನು ಯಾರೆಂಬುದು ಅವರಿಗೆ ತಿಳಿದಿತ್ತು.

ಕೊನೆಗೆ 1945ರ ಮಾರ್ಚ್ 1ರಂದು ಶುಶ್ರೂಷಕರಿಗಾಗಿಯೇ ಪ್ರತ್ಯೇಕ ಲಾಂಛನವು ಹುಟ್ಟಿತು. ಅದನ್ನು ಕಾಂಬ್ಯಾಟ್ ಮೆಡಿಕಲ್ ಬ್ಯಾಡ್ಜ್ ಎಂದು ಕರೆಯುತ್ತಾರೆ. ಬೆಳ್ಳಿಯ ಬಣ್ಣದ ಈ ಬಿಲ್ಲೆಯಲ್ಲಿ ರೋಗಿಯನ್ನು ಹೊರುವ ಡೋಲಿಯೊಂದು ಅಡ್ಡಲಾಗಿದೆ. ಅದರ ಮೇಲೆ ಹಾವುಗಳು ಸುತ್ತಿಕೊಂಡ ವೈದ್ಯಲಾಂಛನದ ದಂಡವೂ, ಸುತ್ತಲೂ ಓಕ್ ಎಲೆಗಳ ಮಾಲೆಯೂ ಇವೆ. 1941ರ ಡಿಸೆಂಬರಿನಿಂದ ಸಲ್ಲಿಸಿದ ಸೇವೆಗೂ ಅದು ಅನ್ವಯಿಸುವಂತೆ ಮಾಡಿದರು. ಆದರೆ ಪದಾತಿ ದಳಕ್ಕೆ ಸೇರಿದ ಶುಶ್ರೂಷಕನಾಗಿರಬೇಕು, ದಳವು ಶತ್ರುವಿನೊಡನೆ ಹೋರಾಡುತ್ತಿದ್ದಾಗ ತಾನೂ ಅಲ್ಲಿಯೇ ಇದ್ದು ಕರ್ತವ್ಯ ಮಾಡಿರಬೇಕು ಎಂಬ ನಿಬಂಧನೆಯಿತ್ತು. 1947ರಲ್ಲಿ ಇನ್ನೊಂದು ತೀರ್ಮಾನವಾಯಿತು. ಆ ಮಹಾಯುದ್ಧದಲ್ಲಿ ಪದಾತಿ ಲಾಂಛನವನ್ನಾಗಲಿ ಶುಶ್ರೂಷಕ ಲಾಂಛನವನ್ನಾಗಲಿ ಪಡೆದವರು ಬ್ರಾಂಜ್ ಸ್ಟಾರ್ ಪದಕಕ್ಕೂ ಅರ್ಹರೆಂದು ಸಾರಲಾಯಿತು. ಆದರೆ ಅದನ್ನು ಪಡೆಯಲು ಅರ್ಜಿ ಹಾಕಬೇಕಾಗಿತ್ತು. ಊರಿಗೆ ಮರಳಿ ಹೊಲ, ಕಾರ್ಖಾನೆ, ಸಂಸಾರಗಳಲ್ಲಿ ಮುಳುಗಿದವರಲ್ಲಿ ಎಷ್ಟೋ ಮಂದಿಗೆ ಹೀಗೊಂದು ಹಕ್ಕಿದೆಯೆಂಬುದೇ ತಿಳಿಯಲಿಲ್ಲ. ಮುಪ್ಪಿನಲ್ಲಿ ಮಕ್ಕಳೋ ಮೊಮ್ಮಕ್ಕಳೋ ಹಳೆಯ ಪೆಟ್ಟಿಗೆಯನ್ನು ತೆರೆದಾಗಲೇ ಪ್ರಶ್ನೆ ಹುಟ್ಟುವುದು.

ಹಾಗೆ ಪ್ರಶ್ನೆ ಹುಟ್ಟಿದ ಮೇಲೆ ಮಾಡುವುದೇನು? ಸೈನಿಕನಾಗಲಿ, ಅವನು ತೀರಿಕೊಂಡಿದ್ದರೆ ಹತ್ತಿರದ ಬಂಧುವಾಗಲಿ, ನಿಗದಿಯಾದ ನಮೂನೆಯಲ್ಲಿ ಸೇವಾದಾಖಲೆಯನ್ನು ಕೇಳಬೇಕು. ಆ ದಾಖಲೆಗಳಿರುವುದು ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ. ದಾಖಲೆಯಲ್ಲಿ ಅರ್ಹತೆ ಕಂಡುಬಂದರೆ ಲಾಂಛನ ದೊರೆಯುತ್ತದೆ. ದಾಖಲೆಯೇ ತಪ್ಪಾಗಿದ್ದರೆ ಅದನ್ನು ತಿದ್ದಿಸುವುದಕ್ಕೆ ಬೇರೊಂದು ಮಂಡಳಿಯಿದೆ. ಶೌರ್ಯಪದಕಗಳಿಗಾದರೆ ಶಿಫಾರಸು ಮಾಡಲು ಕಾಲಮಿತಿಯುಂಟು. ಆದರೂ 1996ರಲ್ಲಿ ಆದ ಕಾನೂನಿನ ಪ್ರಕಾರ, ಅಮೆರಿಕದ ಸಂಸತ್ತಿನ ಸದಸ್ಯರೊಬ್ಬರು ಕೇಳಿಕೊಂಡರೆ ಅವಧಿ ಮೀರಿದ ಶಿಫಾರಸನ್ನೂ ಪರಿಶೀಲಿಸಬಹುದಾಗಿದೆ.

ಹೇಳುವಾಗ ಇದೆಲ್ಲ ಸುಲಭವಾಗಿ ತೋರುತ್ತದೆ. ಆದರೆ 1973ರ ಜುಲೈ 12ರಂದು ಆ ಕೇಂದ್ರದ ಆರನೆಯ ಅಂತಸ್ತಿಗೆ ಬೆಂಕಿ ಬಿದ್ದಿತು. ನೀರು ಚಿಮ್ಮುವ ಅಗ್ನಿನಿವಾರಕ ಕೊಳಾಯಿಗಳು ಅಲ್ಲಿರಲಿಲ್ಲ. ಬೆಂಕಿ ಪೂರ್ತಿಯಾಗಿ ಆರುವುದಕ್ಕೆ ನಾಲ್ಕು ದಿನಗಳೇ ಹಿಡಿದವು. ಸುಮಾರು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಕಡತಗಳು ನಾಶವಾದವು. 1912ರಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆ ಹೊಂದಿದವರ ದಾಖಲೆಗಳಲ್ಲಿ ನೂರಕ್ಕೆ 80 ಪಾಲು ಹೋಯಿತು. ಅವುಗಳಿಗೆ ನಕಲುಪ್ರತಿಯಿರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಇಂಥವು ಸುಟ್ಟುಹೋದವೆಂದು ಹೇಳಲು ಸೂಚಿಕೆಯೂ ಇರಲಿಲ್ಲ. ಎರಡು ಮಹಾಯುದ್ಧಗಳ ಮತ್ತು ಕೊರಿಯಾ ಯುದ್ಧದ ಲಕ್ಷಾಂತರ ಸೈನಿಕರ ಬಾಳಿನ ಒಂದು ಅಧ್ಯಾಯ ಹೀಗೆ ಬೂದಿಯಾಯಿತು.

ಅಂದಿನಿಂದ ಅರ್ಜಿದಾರನ ಪಾಡು ಬದಲಾಯಿತು. ಈಗ ಅಧಿಕಾರಿಗಳು ದಳದ ದೈನಂದಿನ ಹಾಜರಿ ವರದಿ, ಕೊನೆಯ ಸಂಬಳದ ಚೀಟಿ, ಆಸ್ಪತ್ರೆಗೆ ಸೇರಿದ ನಮೂದು ಮೊದಲಾದವುಗಳಿಂದ ಸೇವೆಯನ್ನು ಮತ್ತೆ ಕಟ್ಟಿ ನೋಡಬೇಕಾಗಿದೆ. ಮನೆಯಲ್ಲಿ ಬಿಡುಗಡೆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡವನು ಭಾಗ್ಯವಂತ. ಇಟ್ಟುಕೊಳ್ಳದವನು ಜೊತೆಗಾರರ ಸಾಕ್ಷ್ಯವನ್ನು ಹುಡುಕಬೇಕು. ಆದರೆ ಶುಶ್ರೂಷಕನಿಗೆ ಸಾಕ್ಷಿಗಳಾಗಬೇಕಾದವರು ಯಾರು? ಅವನ ಕೈಯಲ್ಲಿ ಉಳಿದವರು. ಅವರಲ್ಲಿ ಹಲವರು ಪ್ರಜ್ಞೆಯಿಲ್ಲದೆ ಡೋಲಿಯಲ್ಲಿ ಸಾಗಿಹೋದವರು. ತಮ್ಮನ್ನು ಉಳಿಸಿದವನ ಹೆಸರನ್ನು ಕೇಳುವಷ್ಟು ಹೊತ್ತು ಅವರಿಗೆಲ್ಲಿತ್ತು!

ಈ ಕಷ್ಟಕ್ಕೆ ವೇವರ್ಲಿ ವುಡ್ಸನ್ ಎಂಬವರ ಬಾಳೇ ನಿದರ್ಶನ. ಫಿಲಡೆಲ್ಫಿಯಾ ನಗರದ ಈ ಕಪ್ಪು ಜನಾಂಗದ ಯುವಕ ವೈದ್ಯನಾಗಬೇಕೆಂಬ ಆಸೆಯಿಂದ ಲಿಂಕನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದು, 1942ರಲ್ಲಿ ಸೇನೆಗೆ ಸೇರಿದನು. ಆಗ ಅಮೆರಿಕದ ಸೇನೆಯಲ್ಲಿ ಬಿಳಿಯರ ದಳಗಳೇ ಬೇರೆ, ಕಪ್ಪು ಜನರ ದಳಗಳೇ ಬೇರೆ. ವುಡ್ಸನ್ 320ನೆಯ ಬಲೂನು ದಳದ ಶುಶ್ರೂಷಕನಾದನು. ಶತ್ರುವಿಮಾನಗಳು ಕೆಳಕ್ಕಿಳಿದು ದಾಳಿ ಮಾಡದಂತೆ, ಉಕ್ಕಿನ ತಂತಿಗಳಿಗೆ ಕಟ್ಟಿದ ದೊಡ್ಡ ಬಲೂನುಗಳನ್ನು ಹಾರಿಸುವುದು ಆ ದಳದ ಕೆಲಸ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಮಿತ್ರಸೇನೆಗಳು ಇಳಿದಾಗ ವುಡ್ಸನ್ ಒಮಾಹಾ ಎಂಬ ಹೆಸರಿನ ತೀರಕ್ಕೆ ಬಂದನು. ಆಗ ಅವನಿಗೆ 21 ವರ್ಷ. ದಡ ಮುಟ್ಟುವ ಮೊದಲೇ ಅವನಿದ್ದ ನೌಕೆಗೆ ಪೆಟ್ಟು ಬಿದ್ದು, ಅವನಿಗೂ ಗಾಯವಾಯಿತು. ಆ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು, ತೀರದಲ್ಲಿ ಸುಮಾರು 30 ಗಂಟೆಗಳ ಕಾಲ ಅವನು ಶುಶ್ರೂಷೆ ಮಾಡಿದನು. ಸುಮಾರು 200 ಮಂದಿಯ ಉಪಚಾರ ಅವನ ಕೈಯಿಂದ ನಡೆಯಿತೆಂದು ಹೇಳುತ್ತಾರೆ. ಬಿದ್ದವರು ಬಿಳಿಯರೋ ಕಪ್ಪು ಜನರೋ ಎಂದು ಅವನು ನೋಡಲಿಲ್ಲ.

ಆಗ ಅವನಿಗೆ ಬ್ರಾಂಜ್ ಸ್ಟಾರ್ ಪದಕವೇನೋ ಬಂದಿತು. ಅದಕ್ಕಿಂತ ದೊಡ್ಡ ಗೌರವಕ್ಕೆ ಅವನ ಹೆಸರು ಸೂಚಿತವಾಗಿದ್ದರೂ ಅದು ಕೈಗೂಡಲಿಲ್ಲ. ಆ ಯುದ್ಧದ ಕಾಲದಲ್ಲಿ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಒಬ್ಬ ಕಪ್ಪು ಸೈನಿಕನಿಗೂ ದೊರೆಯಲಿಲ್ಲ. ಈ ಲೋಪವನ್ನು ತಿದ್ದಿ 1997ರಲ್ಲಿ ಏಳು ಮಂದಿಗೆ ಅದನ್ನು ಕೊಟ್ಟಾಗ ಬದುಕಿದ್ದವರು ಒಬ್ಬರೇ. ಆ ಏಳು ಮಂದಿಯಲ್ಲಿ ವುಡ್ಸನ್ ಇರಲಿಲ್ಲ. ಅವರ ಸೇವಾದಾಖಲೆ 1973ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. 2005ರಲ್ಲಿ ವುಡ್ಸನ್ ತೀರಿಕೊಂಡರು.

ಆದರೆ ಅವರ ಪತ್ನಿ ಸುಮ್ಮನಾಗಲಿಲ್ಲ. ಲಿಂಡಾ ಹರ್ವ್ಯೂ ಎಂಬ ಪತ್ರಕರ್ತೆ ಬಲೂನು ದಳದ ಇತಿಹಾಸವನ್ನು ಹುಡುಕುತ್ತ ಹೋದಾಗ, ವುಡ್ಸನ್ನರಿಗೆ ಉನ್ನತ ಪದಕವನ್ನು ಕೊಡುವ ವಿಚಾರ ಯುದ್ಧಕಾಲದಲ್ಲಿಯೇ ನಡೆದಿತ್ತೆಂದು ತೋರಿಸುವ ಸರ್ಕಾರಿ ಟಿಪ್ಪಣಿಯೊಂದು ದೊರೆಯಿತು. ಅವರ ಗ್ರಂಥ 2015ರಲ್ಲಿ ಪ್ರಕಟವಾಯಿತು. ಮೇರಿಲ್ಯಾಂಡಿನ ಸೆನೆಟರ್ ಕ್ರಿಸ್ ವ್ಯಾನ್ ಹಾಲೆನ್ ಅವರೂ ಕುಟುಂಬದ ಬೆನ್ನಿಗೆ ನಿಂತರು. 2023ರಲ್ಲಿ ವುಡ್ಸನ್ನರ ಹೆಸರಿಗೆ ಶುಶ್ರೂಷಕ ಲಾಂಛನವು ಬಂದಿತು. 2024ರ ಜೂನಿನಲ್ಲಿ ಸೇನೆಯ ಎರಡನೆಯ ಅತ್ಯುನ್ನತ ಪದಕವಾದ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಘೋಷಿತವಾಯಿತು. ತೀರದಲ್ಲಿ ಕಳೆದ ಆ 30 ಗಂಟೆಗಳಿಗೆ ಮನ್ನಣೆ ಸಿಕ್ಕಲು 80 ವರ್ಷಗಳು ಬೇಕಾದವು. ಕೊರಳೊಡ್ಡಲು ವುಡ್ಸನ್ ಇರಲಿಲ್ಲ.

ಇಷ್ಟು ತಡವಾದ ಮೇಲೆ ಪದಕದಿಂದ ಫಲವೇನು ಎಂದು ಕೆಲವರು ಕೇಳಬಹುದು, ನಾನೂ ಕೇಳಿದವಳೇ. ಈಗ ನನಗನ್ನಿಸುವುದು ಇಷ್ಟು. ಪದಕವನ್ನು ಬೇಡುವುದು ಹೊಗಳಿಕೆಯ ಆಸೆಯಿಂದಲೇ ಎಂದು ಭಾವಿಸಬಾರದು. ನಡೆದದ್ದನ್ನು ನಡೆದಂತೆ ಬರೆದಿಡಿರೆಂದು ಕೇಳುವ ಹಕ್ಕು ಅದು. ಉಳಿಸಿದವನ ಕೆಲಸ ಗುರುತಿಲ್ಲದೆ ಮಾಯವಾಗುವ ಕೆಲಸ. ಗಾಯ ವಾಸಿಯಾಯಿತೆಂದರೆ ಪಟ್ಟಿಯನ್ನು ಬಿಚ್ಚಿ ಎಸೆಯುತ್ತಾರೆ. ಆದ್ದರಿಂದ ಅದನ್ನು ಬರೆದಿಡುವ ಹೊಣೆ ಉಳಿದವರ ಮೇಲೆ, ಅಕ್ಷರ ಬಲ್ಲವರ ಮೇಲೆ ಹೆಚ್ಚಾಗಿ ಬೀಳುತ್ತದೆ.

ನಮ್ಮ ಬೀದಿಯ ತಾತನವರ ಅರ್ಜಿಯನ್ನು ನಾನು ಬರೆದುಕೊಟ್ಟೆ. ದಳದ ಹೆಸರು, ಇದ್ದ ಸ್ಥಳ, ತಿಂಗಳು, ವರ್ಷ ಎಲ್ಲವನ್ನೂ ಅವರು ನೆನಪಿನಿಂದಲೇ ಹೇಳಿದರು. ಜೊತೆಯಲ್ಲಿದ್ದ ಇಬ್ಬರ ಹೆಸರುಗಳನ್ನೂ ಬರೆಸಿದರು. ಉತ್ತರ ಇನ್ನೂ ಬಂದಿಲ್ಲ. ಆದರೆ ಈ ಸಲ ಡಿಸ್ಚಾರ್ಜ್ ಪುಸ್ತಕದ ಪ್ರತಿಯೊಂದು ಪುಟಕ್ಕೂ ಮೂರು ಮೂರು ಜೆರಾಕ್ಸ್ ಪ್ರತಿಗಳನ್ನು ಮಾಡಿಸಿದ್ದೇನೆ. ಒಂದು ಅರ್ಜಿಯೊಡನೆ ಹೋಯಿತು, ಒಂದು ಅವರ ಪೆಟ್ಟಿಗೆಯಲ್ಲಿದೆ, ಮತ್ತೊಂದು ನಮ್ಮ ಮನೆಯಲ್ಲಿ ನನ್ನ ಪುಸ್ತಕಗಳ ನಡುವೆ ಇದೆ. ಸಹಪಾಠಿಗಳೇ, ನಿಮ್ಮ ಊರಿನಲ್ಲಿಯೂ ಇಂಥ ಹಿರಿಯರೊಬ್ಬರು ಇದ್ದಾರು. ರಜೆಯಲ್ಲಿ ಊರಿಗೆ ಹೋದಾಗ ಅವರ ಪಕ್ಕದಲ್ಲಿ ಕುಳಿತು, ಅವರು ಹೇಳುವುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ.